ಪಿಂಗ್ ಏರುವ ಹೊತ್ತು

ಮನೆ ರಾಯಚೂರಿನ ನಿಜಲಿಂಗಪ್ಪ ಕಾಲೊನಿಯಲ್ಲಿ. ಲೈನು 40 ಎಂಬಿಪಿಎಸ್ ಫೈಬರ್, ಅಪ್‌ಲೋಡೂ ಅಷ್ಟೇ. ಸ್ಪೀಡ್ ಟೆಸ್ಟ್ ಯಾವಾಗ ಓಡಿಸಿದರೂ 39, 40. ಯೂಟ್ಯೂಬ್ ಎಲ್ಲೂ ನಿಂತು ಸುತ್ತುತ್ತಿರಲಿಲ್ಲ. ಆದರೂ ವಿಡಿಯೊ ಕಾಲಿನಲ್ಲಿ ಎದುರಿನವರ ಮಾತು ತುಂಡು ತುಂಡಾಗಿ ಬರುತ್ತಿತ್ತು, ಆಟದ ಪರದೆಯ ಮೂಲೆಯಲ್ಲಿ ಪಿಂಗ್, ಅಂದರೆ ಸಂದೇಶವೊಂದು ಹೋಗಿಬರಲು ಹಿಡಿಯುವ ಮಿಲಿಸೆಕೆಂಡುಗಳು, 30ರಿಂದ 400ಕ್ಕೆ ಹಾರಿ ಮತ್ತೆ ಇಳಿಯುತ್ತಿತ್ತು, ರಿಮೋಟ್ ಡೆಸ್ಕ್‌ಟಾಪಿನಲ್ಲಿ ಒತ್ತಿದ ಅಕ್ಷರ ತಡವಾಗಿ ಮೂಡುತ್ತಿತ್ತು. ದೂರು ಕೊಟ್ಟಾಗ ಬಂದ ಟೆಕ್ನಿಷಿಯನ್ ತನ್ನ ಫೋನಿನಲ್ಲೇ ಸ್ಪೀಡ್ ಟೆಸ್ಟ್ ಓಡಿಸಿ, “ನಲವತ್ತಕ್ಕ ನಲವತ್ತು ಬರ್ಲಿಕತ್ತದಲ್ರಿ” ಅಂದ. ಹೇಳಿದ್ದು ಸುಳ್ಳೇನಲ್ಲ. ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ, ಅಷ್ಟೇ.

ತುಂಗಭದ್ರಾ ಎಡದಂಡೆ ಕಾಲುವೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಲುವೆ ಎಷ್ಟು ಅಗಲ ಅನ್ನುವುದು ಒಂದು ಲೆಕ್ಕ. ಮುನಿರಾಬಾದಿನಲ್ಲಿ ಗೇಟು ಎತ್ತಿದ ನೀರು ಮಾನ್ವಿಯ ಹೊಲಕ್ಕೆ ಯಾವಾಗ ಮುಟ್ಟುತ್ತದೆ ಅನ್ನುವುದು ಬೇರೆಯೇ ಲೆಕ್ಕ. ಸ್ಪೀಡ್ ಟೆಸ್ಟ್ ಅಳೆಯುವುದು ಅಗಲವನ್ನು. ಮಾತು, ಆಟ, ರಿಮೋಟ್ ಕೆಲಸ ಇವಕ್ಕೆ ಬೇಕಿರುವುದು ಮುಟ್ಟುವ ಹೊತ್ತು, ಆ ಹೊತ್ತು ಪ್ರತಿಸಲ ಒಂದೇ ಇರುವುದು, ದಾರಿಯಲ್ಲಿ ಏನೂ ಸೋರದಿರುವುದು. ಕ್ರಮವಾಗಿ ಲೇಟೆನ್ಸಿ, ಜಿಟ್ಟರ್, ಪ್ಯಾಕೆಟ್ ಲಾಸ್ ಎಂದು ಕರೆಯುವುದು ಇವನ್ನೇ. ಪ್ಯಾಕೆಟ್ ಅಂದರೆ ಜಾಲದಲ್ಲಿ ಓಡುವ ಮಾಹಿತಿಯ ಸಣ್ಣ ತುಂಡು. ಮಾತಿನ ಕರೆಗೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗೆ ಇದ್ದರೆ ಒಳ್ಳೆಯದು ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯುದ ಜಿ.114 ಶಿಫಾರಸು. ಜಿಟ್ಟರ್ ಮತ್ತು ಲಾಸ್ ಇದ್ದರೆ ಅದಕ್ಕಿಂತ ಎಷ್ಟೋ ಮೊದಲೇ ಮಾತು ಕೆಡುತ್ತದೆ.

ಕೆಳಗಿನ ಮಿತಿಯನ್ನು ಮೊದಲೇ ತಿಳಿದುಕೊಂಡರೆ ಇಲ್ಲದ ರೋಗ ಹುಡುಕುವುದು ತಪ್ಪುತ್ತದೆ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಅಂದರೆ ಪ್ರತಿ 100 ಕಿಲೋಮೀಟರಿಗೆ ಹೋಗಿಬರಲು 1 ಮಿಲಿಸೆಕೆಂಡ್. ರಾಯಚೂರಿನಿಂದ ಬೆಂಗಳೂರು ಸುಮಾರು 400 ಕಿಲೋಮೀಟರ್, ಬೆಳಕಿನ ಲೆಕ್ಕಕ್ಕೆ 4 ಮಿಲಿಸೆಕೆಂಡ್. ಮುಂಬೈ 7 ಚಿಲ್ಲರೆ. ಫೈಬರ್ ನೇರ ಗೆರೆಯಲ್ಲಿ ಹೋಗುವುದಿಲ್ಲ, ಹೆದ್ದಾರಿ, ರೈಲು ಹಳಿ ಹಿಡಿದು ಸುತ್ತಿಕೊಂಡು ಹೋಗುತ್ತದೆ. ನಡುವಿನ ರೂಟರುಗಳೂ ಚೂರುಪಾರು ಸೇರಿಸುತ್ತವೆ. ಹಾಗಾಗಿ ಮುಂಬೈಗೆ 25, 30 ಬಂದರೆ ಅದು ಆರೋಗ್ಯವಂತ ಲೈನು. ಅಮೆರಿಕದ ಸರ್ವರಿಗೆ 200ರ ಮೇಲೆ ಬಂದರೆ ಅದು ಭೂಮಿಯ ಗಾತ್ರ. ಅದಕ್ಕೆ ದೂರು ಕೊಟ್ಟು ಪ್ರಯೋಜನವಿಲ್ಲ.

ಅಳತೆ ಶುರುವಾದದ್ದು ವೈಫೈ ಆಫ್ ಮಾಡಿ. ಲ್ಯಾಪ್‌ಟಾಪನ್ನು ಒಂದು ಕ್ಯಾಟ್5ಇ ಕೇಬಲಿನಿಂದ ನೇರ ಓಎನ್‌ಟಿಯ ಮೊದಲನೇ ಲ್ಯಾನ್ ಪೋರ್ಟಿಗೆ ಚುಚ್ಚಿದೆವು. ಓಎನ್‌ಟಿ ಅಂದರೆ ಫೈಬರ್ ಬಂದು ಸೇರುವ ಬಿಳಿ ಪೆಟ್ಟಿಗೆ, ಎಲ್ಲರೂ ಮೋಡೆಮ್ ಅನ್ನುವುದು ಅದಕ್ಕೇ. ಕಮಾಂಡ್ ಪ್ರಾಂಪ್ಟ್ ಕಿಟಕಿ ನಾಲ್ಕು ತೆರೆದು, ನಾಲ್ಕು ವಿಳಾಸಕ್ಕೆ ಒಟ್ಟಿಗೆ ಪಿಂಗ್ ಬಿಟ್ಟೆವು. ಸುಮ್ಮನೆ ಪಿಂಗ್ ಅಂದರೆ ವಿಂಡೋಸ್ ನಾಲ್ಕೇ ಪ್ಯಾಕೆಟ್ ಕಳಿಸಿ ಕೈತೊಳೆದುಕೊಳ್ಳುತ್ತದೆ, ನಾಲ್ಕರಿಂದ ಏನೂ ತಿಳಿಯುವುದಿಲ್ಲ. ಮೈನಸ್ ಎನ್ ಹಾಕಿ 200 ಎಂದು ಬರೆಯಬೇಕು. ಮೊದಲ ವಿಳಾಸ ಮನೆಯ ಓಎನ್‌ಟಿಯದೇ, 192.168.1.1. ಎರಡನೆಯದು ಕಂಪನಿಯ ಕಡೆಯ ಮೊದಲ ರೂಟರ್. ದಾರಿಯಲ್ಲಿ ಸಿಗುವ ರೂಟರುಗಳನ್ನು ಸಾಲಾಗಿ ತೋರಿಸುವ ಟ್ರೇಸರ್ಟ್ ಕಮಾಂಡ್ ಓಡಿಸಿದಾಗ ಎರಡನೇ ಸಾಲಿನಲ್ಲಿ ಕಾಣುವ ವಿಳಾಸ ಅದು, 10ರಿಂದಲೋ 100.64ರ ಆಸುಪಾಸಿನಿಂದಲೋ ಶುರುವಾಗುತ್ತದೆ. ಮೂರನೆಯದು ಗೂಗಲ್‌ನ 8.8.8.8. ನಾಲ್ಕನೆಯದು ನಿಜವಾಗಿ ತೊಂದರೆ ಕೊಡುತ್ತಿದ್ದ ಜಾಗ. ಆಟದ ಸರ್ವರುಗಳು ಪಿಂಗಿಗೆ ಉತ್ತರ ಕೊಡುವುದು ಕಡಿಮೆ, ಅದಕ್ಕೆ ಬದಲು ಅಮೆಜಾನ್ ಕ್ಲೌಡಿನ ಮುಂಬೈ ಕೇಂದ್ರದ ಒಂದು ವಿಳಾಸ ಹಿಡಿದೆವು.

ಮುಂಜಾನೆ 6ಕ್ಕೆ ಬಂದ ಅಂಕಿಗಳು: ಓಎನ್‌ಟಿಗೆ 1ಕ್ಕಿಂತ ಕಡಿಮೆ, ಮೊದಲ ರೂಟರಿಗೆ 4, ಗೂಗಲಿಗೆ 15, ಮುಂಬೈಗೆ 29. ಲಾಸ್ ಸೊನ್ನೆ. ಇದೇ ಲೈನಿನ ನಿಜವಾದ ಮುಖ. ಇದಕ್ಕಿಂತ ಏನು ಹೆಚ್ಚಾದರೂ, ಯಾವ ತುಂಡಿನಲ್ಲಿ ಹೆಚ್ಚಾಯಿತು, ಎಷ್ಟು ಹೊತ್ತಿಗೆ ಹೆಚ್ಚಾಯಿತು ಎಂದು ನೋಡಿದರೆ ಸಾಕು. ಐದು ದಿನ, ದಿನಕ್ಕೆ ಮೂರು ಸಲ, ಮುಂಜಾನೆ 6, ಮಧ್ಯಾಹ್ನ 2, ರಾತ್ರಿ 9.30ಕ್ಕೆ ಅಳೆದು ಒಂದು ಹಳೇ ಡೈರಿಯಲ್ಲಿ ಬರೆದಿಟ್ಟೆವು. ಬೇಸರದ ಕೆಲಸ. ಆದರೆ ಈ ಹದಿನೈದು ಸಾಲು ಇಲ್ಲದಿದ್ದರೆ ಮುಂದಿನದು ಯಾವುದೂ ಸಿಗುತ್ತಿರಲಿಲ್ಲ. ಒಂದೇ ಕಾಯಿಲೆ ಅಂದುಕೊಂಡಿದ್ದು ಮೂರಾಗಿ ಒಡೆದದ್ದು ಈ ಡೈರಿಯಲ್ಲೇ: ಮಧ್ಯಾಹ್ನದ್ದು ಒಂದು, ರಾತ್ರಿಯದು ಒಂದು, ಹೊತ್ತಿಲ್ಲದ ಹೊತ್ತಿನಲ್ಲಿ ಬರುವುದು ಇನ್ನೊಂದು.

ಇವೆಲ್ಲದರ ಮೇಲೆ ಮಂಜಿನಂತೆ ಕವಿದದ್ದು ವೈಫೈ. ಅದನ್ನು ಬೇಗ ಮುಗಿಸಿದೆವು. ಮಲಗುವ ಕೋಣೆಯಿಂದ ವೈಫೈ ಮೇಲೆ 192.168.1.1ಕ್ಕೆ ಪಿಂಗ್ ಬಿಟ್ಟರೆ 2ರಿಂದ 180ರವರೆಗೆ ಕುಣಿಯುತ್ತಿತ್ತು. ಪಕ್ಕದ ಕೋಣೆಯಲ್ಲಿರುವ ಪೆಟ್ಟಿಗೆಗೆ 180 ಮಿಲಿಸೆಕೆಂಡ್! ಬೆಳಕಾಗಿದ್ದರೆ ಅಷ್ಟು ಹೊತ್ತಿನಲ್ಲಿ ಅಮೆರಿಕ ಮುಟ್ಟಿರುತ್ತಿತ್ತು. ವೈಫೈಯಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು, ಕೆಟ್ಟ ಪ್ಯಾಕೆಟನ್ನು ಮತ್ತೆ ಮತ್ತೆ ಕಳಿಸಬೇಕು, ವಿಳಂಬ ಹುಟ್ಟುವುದು ಅಲ್ಲಿ. ನಡುವೆ ಕಬ್ಬಿಣದ ಅಲ್ಮೆರಾ ಬೇರೆ ನಿಂತಿತ್ತು. 2.4 ಗಿಗಾಹರ್ಟ್ಸ್‌ನಲ್ಲಿ ಅಕ್ಕಪಕ್ಕದ ಹದಿನಾಲ್ಕು ಮನೆಗಳ ಹೆಸರು ಕಾಣುತ್ತಿದ್ದವು, ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲುಗಳು 1, 6, 11 ಮೂರೇ. 5 ಗಿಗಾಹರ್ಟ್ಸಿಗೆ ಬೇರೆ ಹೆಸರು ಕೊಟ್ಟು, ಚಾನೆಲ್ 36ಕ್ಕೆ ನಿಲ್ಲಿಸಿ, ಅಗಲವನ್ನು 80ರಿಂದ 40 ಮೆಗಾಹರ್ಟ್ಸಿಗೆ ಇಳಿಸಿದ ಮೇಲೆ ಕುಣಿತ 15ರೊಳಗೆ ಬಂತು. ಕೆಲಸ ಮಾಡುವ ಮೇಜಿಗೆ ಮಾತ್ರ ವೈಫೈಯನ್ನು ನಂಬದೆ 18 ಮೀಟರ್ ಕ್ಯಾಟ್6 ಎಳೆದೆವು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ಅಲ್ಯೂಮಿನಿಯಂ ತಂತಿಗೆ ತಾಮ್ರ ಬಳಿದದ್ದು, ತುದಿಗೆ ಪ್ಲಗ್ ಒತ್ತಿ ಕೂರಿಸುವಾಗಲೇ ಮುರಿಯುತ್ತದೆ. ಬ್ಲೇಡಿನಿಂದ ಕೆರೆದಾಗ ಒಳಗೆ ಬಿಳಿ ಕಂಡರೆ ವಾಪಸ್ ಕೊಡಿ. ಬಣ್ಣದ ಸಾಲು ಎರಡೂ ತುದಿಗೆ ಒಂದೇ ಇರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ನೀಲಿ ಅಥವಾ ಕಂದು ಜೋಡಿಯ ಒಂದು ತಂತಿ ಕೂಡದಿದ್ದರೂ ಗಿಗಾಬಿಟ್ ಲಿಂಕ್ 100ಕ್ಕೆ ಇಳಿಯುತ್ತದೆ. 40ರ ಪ್ಲಾನಿಗೆ ಅದು ಗೊತ್ತೇ ಆಗುವುದಿಲ್ಲ, 200ರ ಪ್ಲಾನ್ ಹಾಕಿಸಿಕೊಂಡ ದಿನ ಗೊತ್ತಾಗುತ್ತದೆ.

ಈಗ ಮಧ್ಯಾಹ್ನದ ಕಾಯಿಲೆ. ಡೈರಿಯಲ್ಲಿ 2 ಗಂಟೆಯ ಸಾಲುಗಳೆಲ್ಲ ಒಂದೇ ರೀತಿ ಇದ್ದವು. ಸರಾಸರಿ ಪಿಂಗ್ ಮುಂಜಾನೆಯಷ್ಟೇ. ಮೊದಲ ರೂಟರಿಗೆ 4, ಗೂಗಲಿಗೆ 16. ಆದರೆ 200ರಲ್ಲಿ 8, ಒಂದು ದಿನ 12 ಪ್ಯಾಕೆಟ್ ಮಾಯ. ಸರಾಸರಿ ಒಂದನ್ನೇ ನೋಡುವವರಿಗೆ ಇದು ಕಾಣುವುದೇ ಇಲ್ಲ. ಲಾಸ್ ಮೊದಲ ರೂಟರಿನಿಂದಲೇ ಶುರುವಾಗುತ್ತಿತ್ತು, ಓಎನ್‌ಟಿಗೆ ಮಾತ್ರ ಸೊನ್ನೆ. ಅಲ್ಲಿಗೆ ತೊಂದರೆ ಫೈಬರಿನಲ್ಲಿ ಎಂದಾಯಿತು.

ಓಎನ್‌ಟಿಯ ಪುಟಕ್ಕೆ ಲಾಗಿನ್ ಆದರೆ ಆಪ್ಟಿಕಲ್ ಅಥವಾ ಪಾನ್ ಇನ್‌ಫರ್ಮೇಶನ್ ಎಂಬ ಜಾಗದಲ್ಲಿ ಆರ್‌ಎಕ್ಸ್ ಪವರ್, ಅಂದರೆ ಬಂದು ಮುಟ್ಟುವ ಬೆಳಕಿನ ಬಲ, ಕಾಣುತ್ತದೆ. ಮುಂಜಾನೆ -21.8 ಡಿಬಿಎಂ. ಮಧ್ಯಾಹ್ನ -27.9. ಈ ಅಂಕಿಯ ಮುಂದೆ ಮೈನಸ್ ಇರುವುದರಿಂದ 27 ದೊಡ್ಡದೆಂದು ಮೋಸಹೋಗಬಾರದು. ಪ್ರತಿ 3 ಡಿಬಿ ಕುಸಿದಾಗ ಬೆಳಕು ಅರ್ಧವಾಗುತ್ತದೆ. 6 ಡಿಬಿ ಅಂದರೆ ಕಾಲುಭಾಗ ಮಾತ್ರ ಉಳಿದಿದೆ. ಮನೆಮನೆಗೆ ಬಂದಿರುವ, ಒಂದೇ ಎಳೆಯನ್ನು ಹಲವು ಮನೆಗೆ ಹಂಚುವ ಜಿಪಾನ್ ಫೈಬರಿನಲ್ಲಿ ಬಿ-ಪ್ಲಸ್ ದರ್ಜೆಯ ಓಎನ್‌ಟಿಗೆ ಕೊಟ್ಟಿರುವ ಕೊನೆಯ ಗೆರೆ -27. ಅದರಾಚೆ ಪೆಟ್ಟಿಗೆ ಬದುಕಿದ್ದರೆ ಅದರ ಪುಣ್ಯ. ಎಷ್ಟು ಬರಬೇಕಿತ್ತು ಎನ್ನುವುದಕ್ಕೂ ಲೆಕ್ಕವಿದೆ. ಕಂಪನಿಯ ಕಡೆಯ ಪೆಟ್ಟಿಗೆ ಓಎಲ್‌ಟಿಯಿಂದ ಸುಮಾರು +3ರಲ್ಲಿ ಹೊರಡುವ ಬೆಳಕು, ಅದನ್ನು ಮನೆಗಳಿಗೆ ಹಂಚುವ 1ಕ್ಕೆ 4ರ ಸ್ಪ್ಲಿಟರಿನಲ್ಲಿ 7, 1ಕ್ಕೆ 8ರ ಸ್ಪ್ಲಿಟರಿನಲ್ಲಿ 10.5 ಡಿಬಿ ಕಳೆದುಕೊಳ್ಳುತ್ತದೆ. ನಾಲ್ಕು ಕಿಲೋಮೀಟರ್ ದಾರಿಗೆ 1 ಚಿಲ್ಲರೆ, ಜಾಯಿಂಟು ಕನೆಕ್ಟರುಗಳಿಗೆ 3 ಹಿಡಿದರೆ -19ರ ಹತ್ತಿರ ಬಂದು ನಿಲ್ಲುತ್ತದೆ. -21.8 ಪರವಾಗಿಲ್ಲ ಅನ್ನಬಹುದಾದ ಅಂಕಿ. -27.9 ಸಾಯುವ ಅಂಕಿ.

ಬೆಳಕು ಕಡಿಮೆಯಾದರೆ ಪಿಂಗ್ ನಿಧಾನ ಏರುತ್ತದೆ ಎಂಬ ನಂಬಿಕೆ ಲೈನಿನವರಲ್ಲೂ ಇದೆ. ಹಾಗಾಗುವುದಿಲ್ಲ. ಬೆಳಕು ಕಡಿಮೆಯಾದರೂ ಅದರ ವೇಗ ಅಷ್ಟೇ ಇರುತ್ತದೆ. ವೈಫೈಯಂತೆ ಕೆಟ್ಟ ಪ್ಯಾಕೆಟನ್ನು ಮತ್ತೊಮ್ಮೆ ಕಳಿಸುವ ಏರ್ಪಾಡು ಜಿಪಾನ್‌ನಲ್ಲಿಲ್ಲ. ತಪ್ಪು ತಿದ್ದುವ ಎಫ್‌ಇಸಿ ಒಂದಿಷ್ಟು ದೂರ ಎಳೆದುಕೊಂಡು ಹೋಗುತ್ತದೆ, ಅದರ ಕೈ ಮೀರಿದ್ದು ನೇರ ಬಿದ್ದುಹೋಗುತ್ತದೆ. ಡೌನ್‌ಲೋಡಿನಲ್ಲಿ ಬಿದ್ದದ್ದನ್ನು ಟಿಸಿಪಿ ಎಂಬ ಸಾಗಣೆ ಪದ್ಧತಿ ಮತ್ತೆ ಕೇಳಿ ತರಿಸಿಕೊಳ್ಳುತ್ತದೆ, ನಮಗೆ ತಡವಾದಂತೆ ಕಾಣುತ್ತದೆ. ಮಾತಿನಲ್ಲಿ ಬಿದ್ದದ್ದು ಹೋಯಿತೆಂದೇ ಅರ್ಥ.

ಮಧ್ಯಾಹ್ನ ಎಂದ ಕೂಡಲೇ ರಾಯಚೂರಿನಲ್ಲಿ ಎಲ್ಲರ ಬೆರಳು ಬಿಸಿಲಿನ ಕಡೆಗೇ ಹೋಗುತ್ತದೆ. ಏಪ್ರಿಲ್ ಕೊನೆಯ ವಾರ, ಹೊರಗೆ 42 ಡಿಗ್ರಿ. ಓಎನ್‌ಟಿ ಇದ್ದದ್ದು ಆರ್‌ಸಿಸಿ ಚಾವಣಿಗೆ ಅಂಟಿಕೊಂಡಂತಿರುವ ಅಟ್ಟದಲ್ಲಿ. ಇಂಥ ಪೆಟ್ಟಿಗೆಗಳ ಮೇಲೆ ಬರೆದಿರುವುದು ಸಾಮಾನ್ಯವಾಗಿ 0ರಿಂದ 40 ಡಿಗ್ರಿ. ಒಳಗಿನ ಮಾಡ್ಯೂಲಿನ ತಾಪ 66 ತೋರಿಸುತ್ತಿತ್ತು. ಒಂದು ದಿನ ಟೇಬಲ್ ಫ್ಯಾನ್ ತಿರುಗಿಸಿ ಇಟ್ಟೆವು, 52ಕ್ಕೆ ಇಳಿಯಿತು, ಲಾಸ್ ಮಾತ್ರ ಅಷ್ಟೇ. ಹಾಗಾದರೆ ಕಂಬದ ಮೇಲಿನ ಸ್ಪ್ಲಿಟರ್ ಡಬ್ಬಿ ಕಾಯುತ್ತಿರಬಹುದೇ? ಅದೇ ಡಬ್ಬಿಯಿಂದ ಲೈನು ಪಡೆದ ಇಬ್ಬರ ಮನೆಯಲ್ಲಿ ಮಧ್ಯಾಹ್ನದ ಅಂಕಿ ನೋಡಿದರೆ -20, -20.5, ಮುಂಜಾನೆಯೂ ಅದೇ. ಡಬ್ಬಿ ನಿರಪರಾಧಿ. ಉಳಿದದ್ದು ಕಂಬದಿಂದ ಮನೆಯೊಳಗಿನವರೆಗಿನ 60 ಮೀಟರ್ ಡ್ರಾಪ್ ವೈರ್.

ಅದರ ಗುಂಟ ನಡೆದೆವು. ಕಂಬದಿಂದ ಪ್ಯಾರಾಪೆಟ್ ಗೋಡೆ, ಅಲ್ಲಿ ಕಬ್ಬಿಣದ ತಂತಿಯಿಂದ ಬಿಗಿದು ಕಟ್ಟಿದ ಒಂದು ಸುರುಳಿ, ನೀರಿನ ಪೈಪಿನ ಪಕ್ಕದಲ್ಲಿ ಇಳಿದು, ಪಡುವಣ ಗೋಡೆಯ ಸ್ಲೈಡಿಂಗ್ ಕಿಟಕಿಯ ಮೂಲೆಯಿಂದ ಒಳಗೆ. ಗೋಡೆಗೆ ತೂತು ಹೊಡೆಯುವ ಕೆಲಸ ಉಳಿಸಲು ಕಿಟಕಿಯ ಹಳಿಯೊಳಗೇ ವೈರ್ ತೂರಿಸಿದ್ದರು. ಬೇಸಿಗೆಯಲ್ಲಿ ಪಡುವಣ ಕಿಟಕಿ 11ಕ್ಕೆ ಮುಚ್ಚುತ್ತದೆ, ಬಿಸಿಗಾಳಿ ನಿಂತ ಮೇಲೆ ಸಂಜೆ 5ಕ್ಕೆ ತೆರೆಯುತ್ತದೆ. ಲ್ಯಾಪ್‌ಟಾಪಿನಲ್ಲಿ ಓಎನ್‌ಟಿ ಪುಟ ತೆರೆದಿಟ್ಟು ಕಿಟಕಿ ಮುಚ್ಚಿ ರಿಫ್ರೆಶ್ ಮಾಡಿದರೆ -27.8. ತೆರೆದು ರಿಫ್ರೆಶ್ ಮಾಡಿದರೆ -21.8. ಬಿಸಿಲು ನಿಜಕ್ಕೂ ಕಾರಣವಾಗಿತ್ತು, ಬರೀ ಕಿಟಕಿಯ ಮೂಲಕ.

ಹಳೆಯ ಜಿ.652ಡಿ ಫೈಬರನ್ನು 30 ಮಿಲಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಬಗ್ಗಿಸಬಾರದು. ಮನೆಗಳಿಗೆಂದೇ ಬಂದ ಜಿ.657ಎ1 10ರವರೆಗೆ, ಎ2 7.5ರವರೆಗೆ ತಡೆಯುತ್ತದೆ. ಕಿಟಕಿಯ ಅಲ್ಯೂಮಿನಿಯಂ ಅಂಚಿನಲ್ಲಿ ಆದ ಮಡಿಕೆಗೆ ತ್ರಿಜ್ಯ ಎನ್ನುವುದೇ ಇರಲಿಲ್ಲ. ಬಗ್ಗಿದಲ್ಲಿ ತರಂಗ ಉದ್ದವಾದಷ್ಟೂ ಸೋರಿಕೆ ಹೆಚ್ಚು. ಮನೆಗೆ ಬರುವ ಬೆಳಕು 1490 ನ್ಯಾನೋಮೀಟರ್, ಮನೆಯಿಂದ ಹೋಗುವುದು 1310. ಹಾಗಾಗಿ ಮೊದಲು ಪೆಟ್ಟು ತಿನ್ನುವುದು ಡೌನ್‌ಲೋಡ್. ಟೆಕ್ನಿಷಿಯನ್ ಕೆಂಪು ಲೇಸರಿನ ಪೆನ್ನನ್ನು ವೈರಿನ ತುದಿಗೆ ಚುಚ್ಚಿದಾಗ ಕಪ್ಪು ಹೊದಿಕೆ ಬಿರಿದಿದ್ದ ಆ ಮೂಲೆಯಲ್ಲಿ ಕೆಂಡದಂಥ ಚುಕ್ಕೆ ಕಂಡಿತು. ಆ ಬೆಳಕನ್ನಾಗಲಿ, ಕಣ್ಣಿಗೆ ಕಾಣದ ಮೂಲ ಬೆಳಕನ್ನಾಗಲಿ ಕನೆಕ್ಟರಿನ ಬಾಯಿಗೆ ಕಣ್ಣಿಟ್ಟು ನೋಡಬಾರದು.

ರಿಪೇರಿ ಸರಳ. 10 ಮಿಲಿಮೀಟರ್ ಬಿಟ್ಟಿನಿಂದ ಗೋಡೆಗೆ ತೂತು, ಹೊರಗಡೆಗೆ ಸ್ವಲ್ಪ ಇಳಿಜಾರಾಗಿ. ಹಾಗಿಲ್ಲದಿದ್ದರೆ ಮಳೆನೀರು ವೈರ್ ಹಿಡಿದು ಒಳಗೇ ಬರುತ್ತದೆ. ತೂತಿನ ಮುಂಚೆ ವೈರನ್ನು ಒಂದು ಗೇಣು ಕೆಳಗಿಳಿಸಿ ಮೇಲೆತ್ತಿದರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಬಿರುಕುಬಿಟ್ಟ ಎರಡು ಮೀಟರ್ ಕತ್ತರಿಸಿ, ಹೊಸ ತುದಿ ಕೂರಿಸಬೇಕಾಯಿತು. ಕೈಯಲ್ಲೇ ಒತ್ತಿ ಕೂರಿಸುವ ಫಾಸ್ಟ್ ಕನೆಕ್ಟರ್ ಎರಡು ನಿಮಿಷದ ಕೆಲಸ, ಆದರೆ ಅದರಲ್ಲೇ ಅರ್ಧ ಡಿಬಿಯಷ್ಟು ಹೋಗಬಹುದು, ಒಳಗಿನ ಜೆಲ್ ನಮ್ಮ ಸೀಮೆಯ ಸೆಕೆಗೆ ಒಣಗುತ್ತ ಬರುತ್ತದೆ. ಫ್ಯೂಷನ್ ಯಂತ್ರ ತಂದು ಪಿಗ್‌ಟೇಲ್, ಅಂದರೆ ಕನೆಕ್ಟರ್ ಕೂರಿಸಿಯೇ ಬರುವ ಗಿಡ್ಡ ಫೈಬರ್, ಬೆಸೆಯಿರಿ ಎಂದು ಪಟ್ಟುಹಿಡಿದೆವು. ಬೆಸುಗೆಯ ನಷ್ಟ 0.1ಕ್ಕಿಂತ ಕಡಿಮೆ. ಕನೆಕ್ಟರ್ ಹಸಿರು ಬಣ್ಣದ್ದು, ಅದರ ಮುಖ 8 ಡಿಗ್ರಿ ಓರೆ. ಅದಕ್ಕೆ ನೀಲಿ ಕನೆಕ್ಟರ್ ಸೇರಿಸಿದರೆ ಎರಡು ಮುಖ ಕೂಡುವುದಿಲ್ಲ, ನಡುವೆ ಗಾಳಿ ಉಳಿದು ಬೆಳಕು ಹಿಂದಕ್ಕೆ ಬಡಿಯುತ್ತದೆ. ಇನ್ನು ಒರೆಸುವ ಮಾತು. ಫೈಬರಿನ ನಡುಗಂಬಿ 9 ಮೈಕ್ರೋಮೀಟರ್, ತಲೆಗೂದಲಿಗಿಂತ ಎಷ್ಟೋ ಸಣ್ಣದು. ಹತ್ತಿ ಮಿಲ್ಲಿನ ಧೂಳು ಹಾರುವ ಊರಿನಲ್ಲಿ ಅದನ್ನು ಅಂಗಿಯ ತುದಿಯಿಂದ ಒರೆಸುವುದನ್ನು ನೋಡಿದರೆ ಸಂಕಟವಾಗುತ್ತದೆ. ನಾರು ಬಿಡದ ಕಾಗದ, 99 ಶೇಕಡ ಐಸೊಪ್ರೊಪೈಲ್ ಆಲ್ಕೋಹಾಲ್, ಒಂದೇ ದಿಕ್ಕಿಗೆ ಒಂದು ಎಳೆತ. ಎಲ್ಲ ಮುಗಿದ ಮೇಲೆ -20.4. ಕಿಟಕಿ ತೆರೆದರೂ ಮುಚ್ಚಿದರೂ -20.4. ಪ್ಯಾರಾಪೆಟ್ಟಿನ ಮೇಲಿನ ತಂತಿ ಬಿಚ್ಚಿ ಸುರುಳಿಯನ್ನು ಅಗಲ ಮಾಡಿ ಪ್ಲಾಸ್ಟಿಕ್ ಪಟ್ಟಿಯಲ್ಲಿ ಸಡಿಲವಾಗಿ ಕಟ್ಟಿದ್ದೂ ಸೇರಿ ಬಂದ ಲಾಭ ಅದು. ಆನೆಗೊಂದಿ, ಗಂಗಾವತಿ ಕಡೆಯವರಿಗೆ ಇನ್ನೊಂದು ಕಾಟವಿದೆ, ಮಂಗಗಳು ಡ್ರಾಪ್ ವೈರ್ ಹಿಡಿದು ಜೋಕಾಲಿ ಆಡುತ್ತವೆ. ಅದಕ್ಕೆ ಪೈಪಿನೊಳಗೆ ಹಾಕುವುದೊಂದೇ ದಾರಿ.

ಹೊತ್ತಿಲ್ಲದ ಹೊತ್ತಿನಲ್ಲಿ ಬರುತ್ತಿದ್ದ 400, ಡೈರಿಯ ಸಾಲುಗಳಲ್ಲಿ ಎರಡೇ ಸಲ ಸಿಕ್ಕಿತ್ತು. ಎರಡು ಸಲವೂ ಲಕ್ಷಣ ಒಂದೇ. ಓಎನ್‌ಟಿಗೆ 1ಕ್ಕಿಂತ ಕಡಿಮೆ, ಮೊದಲ ರೂಟರಿಗೇ 390, ಮುಂದಿನದಕ್ಕೆಲ್ಲ ಅಷ್ಟೇ ಕೂಡಿಕೆ. ಲಾಸ್ ಇಲ್ಲ. ಬೆಳಕು ಸರಿ ಇದೆ. ಹತ್ತು ನಿಮಿಷಕ್ಕೆ ತಾನಾಗೇ ಸರಿಹೋಯಿತು. ಪ್ಯಾಕೆಟ್ ಕಳೆದುಹೋಗದೆ ತಡವಾಗುತ್ತಿದೆ ಅಂದರೆ ಎಲ್ಲೋ ಸರದಿ ನಿಂತಿದೆ ಎಂದರ್ಥ. ಅನುಮಾನ ಅಪ್‌ಲೋಡ್ ಮೇಲೆ ಬಿತ್ತು. ಬೇಕೆಂದೇ 1 ಜಿಬಿಯ ಒಂದು ವಿಡಿಯೊವನ್ನು ಗೂಗಲ್ ಡ್ರೈವಿಗೆ ಏರಿಸುತ್ತ ಪಿಂಗ್ ನೋಡಿದೆವು. ಮೂರನೇ ಸೆಕೆಂಡಿಗೆ 4 ಇದ್ದದ್ದು 120, ಆರನೆಯದಕ್ಕೆ 395. ಅಪ್‌ಲೋಡ್ ನಿಲ್ಲಿಸಿದ ಕೂಡಲೇ 4. ಮದುವೆಯಿಂದ ಬಂದ ಫೋನುಗಳು ವೈಫೈಗೆ ಸೇರಿ ಫೋಟೊ ಬ್ಯಾಕಪ್ ಶುರುಮಾಡಿದಾಗಲೆಲ್ಲ ಆಗುತ್ತಿದ್ದದ್ದು ಇದೇ.

ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರು. ಓಎನ್‌ಟಿಯೊಳಗೆ ಹೊರಗೆ ಹೋಗುವ ಪ್ಯಾಕೆಟ್‌ಗಳು ಕಾಯುವ ಕಟ್ಟೆಯೊಂದಿದೆ. ಅದು 2 ಎಂಬಿ ಎಂದು ಹಿಡಿಯಿರಿ, ಅಂದರೆ 16 ಮೆಗಾಬಿಟ್. 40 ಎಂಬಿಪಿಎಸ್‌ನಲ್ಲಿ ಖಾಲಿಯಾಗಲು 0.4 ಸೆಕೆಂಡ್, 400 ಮಿಲಿಸೆಕೆಂಡ್. ನಮ್ಮ ಅಂಕಿಗೆ ತಾಳೆಯಾಯಿತು. ಫೋನಿನ ಫೋಟೊಗಳು ಕಟ್ಟೆ ತುಂಬಿಸಿ ಕೂತಾಗ, ಮಾತಿನ 200 ಬೈಟಿನ ಸಣ್ಣ ಪ್ಯಾಕೆಟ್ ಹಿಂದೆ ನಿಲ್ಲಬೇಕು. ಡೌನ್‌ಲೋಡೂ ಕುಸಿಯುತ್ತದೆ, ಯಾಕಂದರೆ ‘ತಲುಪಿತು’ ಎಂದು ಹೇಳುವ ಉತ್ತರಗಳೂ ಅದೇ ಸರದಿಯಲ್ಲಿ ಸಿಕ್ಕಿಬೀಳುತ್ತವೆ. ಪ್ಲಾನನ್ನು 100ಕ್ಕೆ ಏರಿಸಿ ಎಂಬುದು ಕಸ್ಟಮರ್ ಕೇರಿನ ಸಿದ್ಧ ಸಲಹೆ. ಏರಿಸಿದರೆ ಕಟ್ಟೆ ಬೇಗ ಖಾಲಿಯಾಗುತ್ತದೆ ನಿಜ, ಆದರೆ ಫೋನು 100ನ್ನೂ ತುಂಬಿಸುತ್ತದೆ.

ಮದ್ದು ಹಳೆಯದೇ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಕೊಡೆಲ್ ಎಂಬ ವಿಧಾನ ಪ್ರಕಟಿಸಿದರು. ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಎಂದು ನೋಡಿ ಅದು ಸರದಿಯನ್ನು ಸಣ್ಣಗಿಡುತ್ತದೆ. ಪ್ರತಿ ಸಂಪರ್ಕಕ್ಕೂ ಬೇರೆ ಬೇರೆ ಸರದಿ ಮಾಡುವ ಎಫ್‌ಕ್ಯೂ-ಕೊಡೆಲ್ 2018ರಲ್ಲಿ ಆರ್‌ಎಫ್‌ಸಿ 8290 ಎಂಬ ಇಂಟರ್‌ನೆಟ್ ದಾಖಲೆಯಾಗಿ ಬಂತು, ಅದರ ಮುಂದಿನದು ಕೇಕ್. ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿದ ರೂಟರಿನಲ್ಲಿ ಎಸ್‌ಕ್ಯೂಎಂ ಎಂಬ ಪ್ಯಾಕೇಜಾಗಿ ಸಿಗುತ್ತವೆ. ಸರದಿಯನ್ನು ಓಎನ್‌ಟಿಯಿಂದ ಕಿತ್ತು ನಮ್ಮ ರೂಟರಿಗೆ ತರಬೇಕೆಂದರೆ ರೂಟರ್ ಲೈನಿಗಿಂತ ಸ್ವಲ್ಪ ನಿಧಾನ ಕಳಿಸಬೇಕು. 40ರಲ್ಲಿ 38 ಇಟ್ಟು ನೋಡಿದಾಗ ಅಪ್‌ಲೋಡ್ ನಡೆಯುತ್ತಿರುವಾಗ ಪಿಂಗ್ 60ರವರೆಗೆ ಹೋಯಿತು. 36ಕ್ಕೆ ಇಳಿಸಿದಾಗ ಗೂಗಲಿಗೆ 19, 20ರಲ್ಲಿ ನಿಂತಿತು. 34ಕ್ಕೆ ಇಳಿಸಿದರೂ ಅದಕ್ಕಿಂತ ಸುಧಾರಿಸಲಿಲ್ಲ. 36ರಲ್ಲೇ ಬಿಟ್ಟೆವು. ಲಿಂಕ್ ಓವರ್‌ಹೆಡ್, ಅಂದರೆ ಪ್ರತಿ ಪ್ಯಾಕೆಟಿನ ಹೊದಿಕೆಯ ಲೆಕ್ಕ, 44 ಬೈಟ್ ಇಟ್ಟೆವು, ತುಸು ಹೆಚ್ಚಾದರೂ ಕೇಡಿಲ್ಲ. ಪ್ಯಾಕೆಟನ್ನು ಚಿಪ್ಪಿನ ಅಡ್ಡದಾರಿಯಿಂದ ದಾಟಿಸುವ ಹಾರ್ಡ್‌ವೇರ್ ಆಫ್‌ಲೋಡನ್ನು ಆಫ್ ಮಾಡಲೇಬೇಕು, ಇಲ್ಲವಾದರೆ ಪ್ಯಾಕೆಟ್‌ಗಳು ಕೇಕ್ ಕಣ್ಣಿಗೇ ಬೀಳದೆ ದಾಟುತ್ತವೆ. ಒಂದೇ ಕೋರಿನ ಹಳೆಯ ರೂಟರ್ 100 ಎಂಬಿಪಿಎಸ್ ದಾಟಿದರೆ ಈ ಕೆಲಸಕ್ಕೆ ಬಸವಳಿಯುತ್ತದೆ, ಕೊಳ್ಳುವ ಮುಂಚೆ ನೋಡಿಕೊಳ್ಳಿ. ಇಷ್ಟೆಲ್ಲ ಬೇಡ ಎನ್ನುವವರು ಫೋನುಗಳ ಬ್ಯಾಕಪ್ ನಿಲ್ಲಿಸಿ, ಬೇಕಾದಾಗ ಮಾತ್ರ ಕೈಯಾರೆ ಏರಿಸಬಹುದು. ಅರ್ಧ ಕಾಯಿಲೆ ಅಲ್ಲೇ ಹೋಗುತ್ತದೆ.

ನಮ್ಮ ರೂಟರೇ ಮುಂದೆ ನಿಲ್ಲಬೇಕಾದ್ದರಿಂದ ಓಎನ್‌ಟಿಯನ್ನು ಬ್ರಿಜ್ ಮೋಡಿಗೆ ಹಾಕಿಸಿದೆವು, ಅಂದರೆ ಅದು ರೂಟರಿನ ಕೆಲಸ ಬಿಟ್ಟು ಬರೀ ದಾಟಿಸುತ್ತದೆ. ಅದಕ್ಕೆ ಕಂಪನಿಯಿಂದ ಮೂರು ವಿಷಯ ಬೇಕು: ಪಿಪಿಪಿಒಇ ಎಂಬ ಲಾಗಿನ್ ಪದ್ಧತಿಯ ಹೆಸರು, ಅದರ ಪಾಸ್‌ವರ್ಡ್, ಲೈನಿನೊಳಗಿನ ಜಾಲವನ್ನು ಗುರುತಿಸುವ ವಿಲ್ಯಾನ್ ಸಂಖ್ಯೆ. ಮೊದಲು ಹಳೆಯ ಸೆಟ್ಟಿಂಗಿನ ಬ್ಯಾಕಪ್ ಇಳಿಸಿಕೊಳ್ಳಿ. ಓಎನ್‌ಟಿಗೆ ಲ್ಯಾಂಡ್‌ಲೈನ್ ಫೋನು ಜೋಡಿಸಿದ್ದರೆ ಅದು ಮೂಗಾಗಬಹುದು, ಕೇಳಿಕೊಂಡೇ ಮುಂದುವರಿಯಿರಿ. ಪಿಪಿಪಿಒಇಯಲ್ಲಿ ಎಂಟಿಯು, ಅಂದರೆ ಒಂದು ಪ್ಯಾಕೆಟಿನ ಗರಿಷ್ಠ ಗಾತ್ರ, 1500 ಬೈಟ್ ಇರುವುದಿಲ್ಲ, 1492. ಕೆಲವೇ ಸೈಟುಗಳು ತೆರೆಯದೆ ಒದ್ದಾಡುತ್ತಿದ್ದರೆ ಒಡೆಯಬಾರದೆಂಬ ಸೂಚನೆಯೊಂದಿಗೆ 1464 ಬೈಟಿನ ಪಿಂಗ್ ಕಳಿಸಿ ನೋಡಿ. ಅದು ಹೋಗಿ 1465 ಹೋಗದಿದ್ದರೆ ಲೆಕ್ಕ ಸರಿಯಾಗಿದೆ.

ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಬದಲಿಸಿ ಎಂಬ ಸಲಹೆ ಪ್ರತಿಯೊಬ್ಬರೂ ಕೊಟ್ಟರು. ಅದರಿಂದ ಪುಟದ ಮೊದಲ ತೆರೆಯುವಿಕೆ ಚುರುಕಾಗಬಹುದು, ಆಟದ ಪಿಂಗಿಗೂ ಅದಕ್ಕೂ ಸಂಬಂಧವಿಲ್ಲ.

ಉಳಿದದ್ದು ರಾತ್ರಿ. 8ರಿಂದ 11ರವರೆಗೆ ಮೊದಲ ರೂಟರಿಗೆ 4, ಗೂಗಲಿಗೆ 15, ಎರಡೂ ಅಲುಗದೆ ನಿಂತಿವೆ. ಮುಂಬೈಗೆ ಮಾತ್ರ 29ರ ಬದಲು 85, ಲಾಸ್ 3 ಶೇಕಡ. ಮೊದಲ ರೂಟರಿಗೇ ಏರಿದ್ದರೆ ನಮ್ಮ ಬೀದಿಯ 32 ಮನೆ ಹಂಚಿಕೊಂಡಿರುವ ಪಾನ್ ಪೋರ್ಟ್ ತುಂಬಿದೆ ಎನ್ನಬಹುದಿತ್ತು. ಏರಿಲ್ಲ. ಯೂಟ್ಯೂಬ್ ಯಾಕೆ ಚೆನ್ನಾಗಿತ್ತು ಎಂಬುದೂ ಇಲ್ಲೇ ತಿಳಿಯಿತು. ಅಂಥ ವಿಡಿಯೊಗಳ ನಕಲು ಕಂಪನಿಯ ಜಾಲದೊಳಗೋ ಹತ್ತಿರದ ನಗರದಲ್ಲೋ ಇರುತ್ತದೆ, ಕಿಕ್ಕಿರಿದ ದಾರಿಗೆ ಅದು ಇಳಿಯುವುದೇ ಇಲ್ಲ. ಸ್ಪೀಡ್ ಟೆಸ್ಟ್ ಸರ್ವರೂ ಹಾಗೇ.

ದಾರಿ ನೋಡಲು ಎಂಟಿಆರ್ ಎಂಬ ಸಾಧನ ಒಳ್ಳೆಯದು, ವಿಂಡೋಸಿನಲ್ಲಿ ವಿನ್‌ಎಂಟಿಆರ್. ಅದನ್ನು ಓದುವಾಗ ಎಲ್ಲರೂ ಮಾಡುವ ತಪ್ಪೊಂದಿದೆ. ನಡುವಿನ ಒಂದು ಸಾಲಿನಲ್ಲಿ 60 ಶೇಕಡ ಲಾಸ್ ಕಂಡ ಕೂಡಲೇ ‘ಇಲ್ಲೇ ಕಳ್ಳ’ ಎಂದು ಕೂಗುತ್ತಾರೆ. ದೊಡ್ಡ ರೂಟರುಗಳಿಗೆ ಪ್ಯಾಕೆಟ್ ದಾಟಿಸುವುದು ಮುಖ್ಯ ಕೆಲಸ, ತಮ್ಮನ್ನೇ ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಬಿಡುವಾದಾಗ. ಆ ಲಾಸ್ ಕೊನೆಯ ಸಾಲಿನವರೆಗೂ ಮುಂದುವರಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ನಮ್ಮಲ್ಲಿ ಐದನೇ ಸಾಲಿನಿಂದ ಶುರುವಾದ 80ರವರೆಗಿನ ಏರಿಕೆ ಕೊನೆಯವರೆಗೂ ಹೋಗಿತ್ತು. ನಾಲ್ಕನೆಯದರ ಹೆಸರಿನಲ್ಲಿ ಬಿಎಲ್‌ಆರ್ ಎಂದೂ ಐದನೆಯದರಲ್ಲಿ ಬಿಒಎಂ ಎಂದೂ ಇತ್ತು. ಬೆಂಗಳೂರಿನಿಂದ ಮುಂಬೈಗೆ ಹೋಗುವ ಕೊಂಡಿ ರಾತ್ರಿ ತುಂಬುತ್ತಿದೆ. ಖಾತ್ರಿಗೆ ಒಂದು ವಿಪಿಎನ್ ಹಾಕಿ ಬೇರೆ ದಾರಿಯಿಂದ ಅದೇ ಮುಂಬೈ ವಿಳಾಸಕ್ಕೆ ಹೋದರೆ ಅದೇ ರಾತ್ರಿ 38. ಹೊಸ ಬಗೆಯ ವಿಳಾಸ ಪದ್ಧತಿ ಐಪಿವಿ6 ಇರುವವರು ಪಿಂಗಿಗೆ ಮೈನಸ್ 6 ಹಾಕಿಯೂ ನೋಡಬೇಕು, ಎಷ್ಟೋ ಸಲ ಅದರ ದಾರಿಯೇ ಬೇರೆ ಇರುತ್ತದೆ.

ಇದು ಮನೆಯಲ್ಲಿ ರಿಪೇರಿಯಾಗುವ ಸಂಗತಿಯಲ್ಲ, ಬರೆದು ಕೊಡಬೇಕು. ‘ನೆಟ್ ಸ್ಲೋ’ ಎಂದು ಬರೆದರೆ ಮತ್ತೆ ಸ್ಪೀಡ್ ಟೆಸ್ಟ್ ಓಡಿಸಲು ಒಬ್ಬರನ್ನು ಕಳಿಸುತ್ತಾರೆ. ದೂರಿನಲ್ಲಿ ಹಾಕಿದ್ದು ಇಷ್ಟು: ಕೇಬಲಿನಲ್ಲಿ ಅಳೆದದ್ದು, ಆರ್‌ಎಕ್ಸ್ ಪವರ್ -20.4, ನಮ್ಮ ಹೊರಗಿನ ಐಪಿ, ತಲುಪಬೇಕಾದ ಐಪಿ, ಮುಂಜಾನೆಯ ಮತ್ತು ರಾತ್ರಿಯ 200 ಪ್ಯಾಕೆಟಿನ ಎಂಟಿಆರ್ ಫಲಿತಾಂಶ, ದಿನಾಂಕ ಮತ್ತು ಗಂಟೆ, ಏರಿಕೆ ಎಷ್ಟನೇ ಸಾಲಿನಿಂದ ಎಂಬ ಒಂದು ವಾಕ್ಯ. ಡಾಕೆಟ್ ನಂಬರ್, ಅಂದರೆ ದೂರಿನ ಸಂಖ್ಯೆ, ಬರೆದಿಟ್ಟುಕೊಳ್ಳಬೇಕು, ಅದಿಲ್ಲದೆ ಮುಂದಿನ ಮೆಟ್ಟಿಲಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ದೂರು ಪರಿಹಾರ ನಿಯಮಗಳ ಪ್ರಕಾರ ಪ್ರತಿ ಕಂಪನಿಯಲ್ಲೂ ಮೇಲ್ಮನವಿ ಪ್ರಾಧಿಕಾರ ಇರಬೇಕು, ಮೊದಲ ಹಂತದಲ್ಲಿ ಪರಿಹಾರವಾಗದಿದ್ದರೆ ಅಲ್ಲಿಗೆ ಹೋಗಬಹುದು. ಎರಡು ಸಲ ‘ಓಎನ್‌ಟಿ ರೀಸ್ಟಾರ್ಟ್ ಮಾಡಿ’ ಎಂಬ ಉತ್ತರ ಬಂದ ಮೇಲೆ ಮೂರನೇ ಸಲ ನೆಟ್‌ವರ್ಕ್ ವಿಭಾಗದವರ ಕೈಗೆ ಆ ಫೈಲು ಸಿಕ್ಕಿತು. ಹನ್ನೊಂದು ದಿನಕ್ಕೆ ಐದನೇ ಸಾಲಿನ ವಿಳಾಸ ಬದಲಾಯಿತು, ರಾತ್ರಿ 9.30ಕ್ಕೆ ಮುಂಬೈ 33, ಲಾಸ್ ಇಲ್ಲ.

ಹೈದರಾಬಾದ್ ಮಾತ್ರ ಇನ್ನೂ ವಿಚಿತ್ರ. ಅಮೆಜಾನ್ ಕ್ಲೌಡಿನ ಕೇಂದ್ರ ಅಲ್ಲೂ 2022ರಿಂದ ಇದೆ, ರಾಯಚೂರಿನಿಂದ ಹೆಚ್ಚೆಂದರೆ 200 ಕಿಲೋಮೀಟರ್, ಬೆಳಕಿಗೆ 2 ಮಿಲಿಸೆಕೆಂಡಿನ ದಾರಿ. ನಮಗೆ ಬರುವುದು 44. ಪ್ಯಾಕೆಟ್ ಮೊದಲು ದಕ್ಷಿಣಕ್ಕೆ ಬೆಂಗಳೂರಿಗೆ ಇಳಿದು, ಅಲ್ಲಿಂದ ಮುಂಬೈಗೆ ಹತ್ತಿ, ಆಮೇಲೆ ಹೈದರಾಬಾದಿಗೆ ಬರುತ್ತದೆ. ಎರಡು ಕಂಪನಿಗಳ ಜಾಲ ಕೂಡುವ ಜಾಗ ಮುಂಬೈಯಾದ್ದರಿಂದ ಈ ಸುತ್ತು. ಅದರ ಬೆನ್ನು ಹತ್ತಲಿಲ್ಲ. ರಿಮೋಟ್ ಡೆಸ್ಕ್‌ಟಾಪ್ ಇರುವುದು ಅದೇ ಹೈದರಾಬಾದಿನಲ್ಲಿ, 44ರಲ್ಲಿ ಒತ್ತಿದ ಅಕ್ಷರ ಒತ್ತಿದ ಕೂಡಲೇ ಮೂಡುತ್ತದೆ.